ಹಾವು ಕಡಿತಕ್ಕೆ ಪ್ರತಿವಿಷವೇ ಮದ್ದು

ಮುಂಗಾರು ಮಳೆ ಬಿದ್ದು ಹೊಲಗದ್ದೆಗಳಲ್ಲಿ ಕೆಲಸ ಚುರುಕಾಗುವ ಕಾಲವೇ ಹಾವುಗಳ ಓಡಾಟವೂ ಹೆಚ್ಚುವ ಕಾಲ. ಬಿಲಗಳಿಗೆ ನೀರು ನುಗ್ಗಿದಾಗ ಹಾವುಗಳು ಹೊರಬೀಳುತ್ತವೆ. ಇಲಿ, ಕಪ್ಪೆಗಳನ್ನು ಅರಸಿಕೊಂಡು ಬದು, ಮೆದೆ, ಹುಲ್ಲುಬಣವೆ, ಕೊಟ್ಟಿಗೆಗಳ ಕಡೆಗೆ ಬರುತ್ತವೆ. ಅದೇ ಜಾಗದಲ್ಲಿ ರೈತನೂ ಬರಿಗಾಲಿನಲ್ಲಿ ಓಡಾಡುತ್ತಾನೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಸಾವು. ಇವರಲ್ಲಿ ಬಹುಪಾಲು ಜನ ಹಳ್ಳಿಗರು. ಸುಮಾರು ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿಯೇ ಸಂಭವಿಸಿವೆ.

ಈ ಸಾವುಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾದಂಥವು. ಹಾವಿನ ವಿಷಕ್ಕೆ ಖಚಿತವಾದ ಔಷಧಿಯೊಂದಿದೆ. ಅದೇ ಪ್ರತಿವಿಷ. ಆಸ್ಪತ್ರೆಗಳಲ್ಲಿ ಇದನ್ನು ‘ಎ.ಎಸ್.ವಿ.’ ಎಂದು ಕರೆಯುತ್ತಾರೆ. ಅದು ಹೇಗೆ ತಯಾರಾಗುತ್ತದೆ, ಹೇಗೆ ಕೆಲಸ ಮಾಡುತ್ತದೆ, ಅದನ್ನು ಪಡೆಯುವುದರಲ್ಲಿ ತಡವಾದರೆ ಏನಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು.

ನಾಲ್ಕು ಮುಖ್ಯ ವಿಷಸರ್ಪಗಳು

ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಇವುಗಳಲ್ಲಿ ಬಹುಪಾಲು ಮನುಷ್ಯನಿಗೆ ಅಪಾಯಕಾರಿಯಲ್ಲ. ಕೇರೆ ಹಾವು, ನೀರು ಹಾವು, ಮಣ್ಣುಮುಕ್ಕ ಮೊದಲಾದವುಗಳಲ್ಲಿ ಕೊಲ್ಲುವಂಥ ವಿಷವಿಲ್ಲ. ಹೆಚ್ಚಿನ ಸಾವುಗಳಿಗೆ ಕಾರಣವಾಗುವ ಹಾವುಗಳು ನಾಲ್ಕು.

1. ನಾಗರಹಾವು: ಹೆಡೆ ಬಿಚ್ಚುವುದರಿಂದ ಎಲ್ಲರಿಗೂ ಪರಿಚಿತ. ಇದರ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ರೆಪ್ಪೆಗಳು ಜೋತುಬೀಳುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಕಡಿದ ಜಾಗ ಊದಿಕೊಂಡು ಮಾಂಸ ಕೊಳೆಯುವುದೂ ಉಂಟು.

2. ಕಟ್ಟುಹಾವು: ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳುವಾದ ಬಿಳಿಯ ಅಡ್ಡಪಟ್ಟೆಗಳು. ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುತ್ತದೆ. ನೋವಾಗಲಿ ಊತವಾಗಲಿ ಇಲ್ಲದಿರುವುದರಿಂದ ಕಚ್ಚಿದ್ದೇ ಗೊತ್ತಾಗದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಜೋತುಬಿದ್ದ ರೆಪ್ಪೆ ಕಂಡುಬಂದರೆ ಇದನ್ನು ಸಂಶಯಿಸಬೇಕು.

3. ಕೊಳಕುಮಂಡಲ: ದಪ್ಪ ಮೈ, ಬೆನ್ನಿನ ಮೇಲೆ ಸರಪಣಿಯಂತೆ ಮೂರು ಸಾಲು ಕಂದು ಮಚ್ಚೆಗಳು, ಜೋರಾದ ಬುಸುಗುಟ್ಟುವ ಸದ್ದು. ಭತ್ತದ ಗದ್ದೆ, ಕಬ್ಬಿನ ತೋಟ, ಹುಲ್ಲಿನ ಬದುಗಳಲ್ಲಿ ಅಲುಗಾಡದೆ ಬಿದ್ದಿರುತ್ತದೆ. ಇದರ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಹಾಳುಮಾಡುತ್ತದೆ. ವಸಡು, ಮೂತ್ರಗಳಲ್ಲಿ ರಕ್ತ ಬರುತ್ತದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು.

4. ಗರಗಸ ಮಂಡಲ: ಗಿಡ್ಡ ಹಾವು. ಒಣ ಪ್ರದೇಶ, ಕಲ್ಲುಗುಡ್ಡೆಗಳಲ್ಲಿ ಹೆಚ್ಚು. ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂತೆ ಸದ್ದು ಮಾಡುತ್ತದೆ. ಇದರ ವಿಷವೂ ರಕ್ತದ ಮೇಲೆ ಪರಿಣಾಮ ಬೀರುತ್ತದೆ.

ನಮ್ಮಲ್ಲಿ ದೊರೆಯುವ ಪ್ರತಿವಿಷ ಈ ನಾಲ್ಕು ಹಾವುಗಳ ವಿಷಕ್ಕೂ ಒಟ್ಟಿಗೆ ಕೆಲಸ ಮಾಡುವಂತೆ ತಯಾರಾದದ್ದು. ಆದ್ದರಿಂದ ಕಚ್ಚಿದ ಹಾವನ್ನು ಹಿಡಿದೋ ಕೊಂದೋ ಆಸ್ಪತ್ರೆಗೆ ಒಯ್ಯುವ ಅಗತ್ಯವಿಲ್ಲ. ರೋಗಿಯ ಲಕ್ಷಣಗಳನ್ನು ನೋಡಿಯೇ ವೈದ್ಯರು ಚಿಕಿತ್ಸೆ ನಿರ್ಧರಿಸುತ್ತಾರೆ.

ಪ್ರತಿವಿಷದ ಹುಟ್ಟು

ಒಂದು ಪ್ರಾಣಿಯ ದೇಹಕ್ಕೆ ಸ್ವಲ್ಪ ಸ್ವಲ್ಪವಾಗಿ ವಿಷ ಸೇರಿಸಿದರೆ ಅದರ ರಕ್ತದಲ್ಲಿ ಆ ವಿಷವನ್ನು ಹಿಡಿದು ನಿಲ್ಲಿಸುವ ವಸ್ತುಗಳು ಉತ್ಪತ್ತಿಯಾಗುತ್ತವೆ. ಇವುಗಳಿಗೆ ಪ್ರತಿಕಾಯಗಳೆಂದು ಹೆಸರು. ಈ ತತ್ವವನ್ನು ಹಾವಿನ ವಿಷಕ್ಕೆ ಅನ್ವಯಿಸಿ 1894ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಆಲ್ಬರ್ಟ್ ಕಾಲ್ಮೆಟ್ ಹಾಗೂ ಅವರಿಂದ ಬೇರೆಯಾಗಿಯೇ ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ಅವರು ಪ್ರತಿವಿಷದ ಪ್ರಯೋಗಗಳನ್ನು ಪ್ರಕಟಿಸಿದರು. ನಾಗರಹಾವಿನ ವಿಷದಿಂದ ತಯಾರಾದ ಕಾಲ್ಮೆಟ್‌ರ ಪ್ರತಿವಿಷ ಎಲ್ಲ ಹಾವುಗಳ ಕಡಿತಕ್ಕೂ ಸಾಕೆಂದು ಮೊದಲು ನಂಬಲಾಗಿತ್ತು. ಆದರೆ ಅದು ಕೊಳಕುಮಂಡಲದ ವಿಷಕ್ಕೆ ಪ್ರಯೋಜನಕ್ಕೆ ಬರುವುದಿಲ್ಲವೆಂದು ನಂತರದ ಪ್ರಯೋಗಗಳಿಂದ ತಿಳಿದುಬಂತು. ಬ್ರೆಜಿಲ್ ದೇಶದ ವಿತಾಲ್ ಬ್ರಸಿಲ್ ಅವರು ಕೂಡ ತಮ್ಮ ದೇಶದ ಹಾವುಗಳಲ್ಲಿ ಇದನ್ನೇ ಕಂಡರು. ಯಾವ ಹಾವಿನ ವಿಷದಿಂದ ಪ್ರತಿವಿಷ ತಯಾರಾಗಿದೆಯೋ ಮುಖ್ಯವಾಗಿ ಆ ಹಾವಿನ ವಿಷವನ್ನೇ ಅದು ತಡೆಯುತ್ತದೆ. ಬೀಗಕ್ಕೆ ತಕ್ಕ ಕೀಲಿ ಬೇಕು ಎನ್ನುವ ಹಾಗೆ.

ವಿಷ ಸಂಗ್ರಹಣೆ

ಪ್ರತಿವಿಷ ತಯಾರಿಸಲು ಮೊದಲು ವಿಷ ಬೇಕು. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಬಂದಿರುವುದು ಚೆನ್ನೈ ಸಮೀಪದ ವಡನೆಮ್ಮೇಲಿಯಲ್ಲಿರುವ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಹಾವಿನ ಚರ್ಮದ ವ್ಯಾಪಾರ ನಿಂತುಹೋದ ಮೇಲೆ ಜೀವನೋಪಾಯ ಕಳೆದುಕೊಂಡ ಇರುಳ ಜನಾಂಗದವರಿಗಾಗಿ ಉರಗತಜ್ಞ ರಾಮ್ಯುಲಸ್ ವಿಟೇಕರ್ ಮುಂತಾದವರ ನೆರವಿನಿಂದ 1978ರಲ್ಲಿ ಈ ಸಂಘ ಆರಂಭವಾಯಿತು. ಅರಣ್ಯ ಇಲಾಖೆಯ ಪರವಾನಗಿ ಪಡೆದು ಹಾವುಗಳನ್ನು ಹಿಡಿದು ತಂದು ಮಣ್ಣಿನ ಮಡಿಕೆಗಳಲ್ಲಿ ಮೂರು ನಾಲ್ಕು ವಾರ ಇಡುತ್ತಾರೆ. ಗಾಜಿನ ಪಾತ್ರೆಯ ಬಾಯಿಗೆ ಕಟ್ಟಿದ ತೆಳು ಪೊರೆಯನ್ನು ಹಾವಿನಿಂದ ಕಚ್ಚಿಸಿದಾಗ ವಿಷ ಪಾತ್ರೆಯೊಳಗೆ ತೊಟ್ಟಿಕ್ಕುತ್ತದೆ. ಕೆಲವು ಬಾರಿ ಹೀಗೆ ವಿಷ ತೆಗೆದ ನಂತರ ಹಾವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ದ್ರವರೂಪದ ವಿಷವನ್ನು ಹೆಪ್ಪುಗಟ್ಟಿಸಿ ತೇವಾಂಶ ತೆಗೆದರೆ ಅದು ಪುಡಿಯಾಗುತ್ತದೆ. ಹೀಗೆ ಒಣಗಿಸಿದ ವಿಷ ಬಹುಕಾಲ ಕೆಡುವುದಿಲ್ಲ.

ಕುದುರೆಯ ರಕ್ತದಿಂದ ಔಷಧಿ

ಪ್ರತಿವಿಷ ಕಾರ್ಖಾನೆಗಳಲ್ಲಿ ಆರೋಗ್ಯವಂತ ಕುದುರೆಗಳನ್ನು ಇದಕ್ಕಾಗಿಯೇ ಸಾಕುತ್ತಾರೆ. ಕುದುರೆ ದೊಡ್ಡ ಪ್ರಾಣಿಯಾದ್ದರಿಂದ ಹೆಚ್ಚು ರಕ್ತ ಸಿಗುತ್ತದೆ. ಪಳಗಿಸುವುದೂ ಸುಲಭ. ನಾಲ್ಕೂ ಹಾವುಗಳ ವಿಷವನ್ನು ಮೊದಲು ಅತಿ ಸ್ವಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತಾರೆ. ಕೆಲವು ತಿಂಗಳುಗಳವರೆಗೆ ಪ್ರಮಾಣವನ್ನು ಕ್ರಮೇಣ ಏರಿಸುತ್ತ ಹೋಗುತ್ತಾರೆ. ಕುದುರೆಯ ರಕ್ತದಲ್ಲಿ ಸಾಕಷ್ಟು ಪ್ರತಿಕಾಯಗಳು ತುಂಬಿದವೆಂದು ಪರೀಕ್ಷೆಯಿಂದ ಖಚಿತವಾದ ಮೇಲೆ ರಕ್ತ ತೆಗೆಯುತ್ತಾರೆ. ಕೆಂಪು ಕಣಗಳನ್ನು ಬೇರ್ಪಡಿಸಿ ಮತ್ತೆ ಕುದುರೆಗೇ ಸೇರಿಸುವ ಪದ್ಧತಿ ಇರುವುದರಿಂದ ಅದು ಬಡವಾಗುವುದಿಲ್ಲ.

ಉಳಿದ ಹಳದಿ ದ್ರವವನ್ನು ಪೆಪ್ಸಿನ್ ಎಂಬ ಜೀರ್ಣಕಾರಿ ವಸ್ತುವಿನಿಂದ ಸಂಸ್ಕರಿಸುತ್ತಾರೆ. ಇದರಿಂದ ಪ್ರತಿಕಾಯದ ಬೇಡದ ಭಾಗ ಕತ್ತರಿಸಿಹೋಗಿ ವಿಷ ಹಿಡಿಯುವ ಭಾಗ ಉಳಿಯುತ್ತದೆ. ನಂತರ ಇತರ ಸಸಾರಜನಕ ಪದಾರ್ಥಗಳನ್ನು ತೆಗೆದು, ಸೋಸಿ, ಶಕ್ತಿಯನ್ನೂ ಶುದ್ಧತೆಯನ್ನೂ ಪರೀಕ್ಷಿಸಿ ಸೀಸೆಗಳಲ್ಲಿ ತುಂಬುತ್ತಾರೆ. ಪ್ರತಿವಿಷ ದ್ರವರೂಪದಲ್ಲಿಯೂ ಪುಡಿರೂಪದಲ್ಲಿಯೂ ಸಿಗುತ್ತದೆ. ದ್ರವವನ್ನು ಶೀತಪೆಟ್ಟಿಗೆಯಲ್ಲಿಯೇ ಇಡಬೇಕು. ಪುಡಿಗೆ ಅಷ್ಟು ಕಟ್ಟುನಿಟ್ಟಿನ ಶೈತ್ಯ ಬೇಕಾಗಿಲ್ಲ. ಕರೆಂಟು ಆಗಾಗ ಹೋಗುವ ಹಳ್ಳಿಗಾಡಿನ ಆಸ್ಪತ್ರೆಗಳಿಗೆ ಇದು ದೊಡ್ಡ ಅನುಕೂಲ.

ಹತ್ತು ಸೀಸೆಯ ಲೆಕ್ಕ

ಒಂದು ಚುಚ್ಚುಮದ್ದಿಗೆ ಎಲ್ಲ ಸರಿಹೋಗುತ್ತದೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಲೆಕ್ಕ ಹೀಗಿದೆ: 10 ಮಿ.ಲೀ.ನ ಒಂದು ಸೀಸೆ ಪ್ರತಿವಿಷ ನಾಗರಹಾವು ಅಥವಾ ಕೊಳಕುಮಂಡಲದ 6 ಮಿಲಿಗ್ರಾಂ ವಿಷವನ್ನು ತಡೆಯುತ್ತದೆ. ಕಟ್ಟುಹಾವು ಮತ್ತು ಗರಗಸ ಮಂಡಲದ ವಿಷವಾದರೆ 4.5 ಮಿಲಿಗ್ರಾಂ. ಒಂದು ಕೊಳಕುಮಂಡಲ ಒಮ್ಮೆ ಕಚ್ಚಿದಾಗ ಸರಾಸರಿ 63 ಮಿಲಿಗ್ರಾಂನಷ್ಟು ವಿಷ ಬಿಡುತ್ತದೆ. ಆದ್ದರಿಂದಲೇ ವಿಷ ಏರಿದ ಲಕ್ಷಣವಿರುವ ರೋಗಿಗೆ ಮೊದಲ ಸಲವೇ 8ರಿಂದ 10 ಸೀಸೆಗಳಷ್ಟು ಪ್ರತಿವಿಷ ಕೊಡುತ್ತಾರೆ.

ಮಗುವಿಗೂ ದೊಡ್ಡವರಷ್ಟೇ ಪ್ರಮಾಣ ಬೇಕು. ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಔಷಧಿ ತಡೆಯಬೇಕಾದ್ದು ವಿಷವನ್ನು, ರೋಗಿಯ ತೂಕವನ್ನಲ್ಲ. ಗರ್ಭಿಣಿಯರಿಗೂ ಇದನ್ನು ಕೊಡುತ್ತಾರೆ.

ಪ್ರತಿವಿಷವನ್ನು ರಕ್ತನಾಳದ ಮೂಲಕ ಸುಮಾರು ಒಂದು ಗಂಟೆಯ ಕಾಲ ಹನಿಹನಿಯಾಗಿ ಕೊಡಲಾಗುತ್ತದೆ. ಕಚ್ಚಿದ ಜಾಗದ ಸುತ್ತ ಚುಚ್ಚುವುದರಿಂದ ಉಪಯೋಗವಿಲ್ಲ. ಕುದುರೆಯ ರಕ್ತದಿಂದ ಬಂದ ಔಷಧಿಯಾದ್ದರಿಂದ ಕೆಲವರಿಗೆ ಮೈ ತುರಿಕೆ, ನಡುಕ, ಉಬ್ಬಸ, ರಕ್ತದ ಒತ್ತಡದ ಇಳಿತ ಉಂಟಾಗಬಹುದು. ವೈದ್ಯರು ಅಡ್ರಿನಲಿನ್ ಚುಚ್ಚುಮದ್ದನ್ನು ಸಿದ್ಧವಾಗಿಟ್ಟುಕೊಂಡೇ ಪ್ರತಿವಿಷ ಕೊಡುತ್ತಾರೆ. ಇದನ್ನು ಮನೆಯಲ್ಲಿ ಇಟ್ಟುಕೊಂಡು ಚುಚ್ಚಿಸಿಕೊಳ್ಳಲಾಗದು ಎಂಬುದಕ್ಕೆ ಇದೇ ಕಾರಣ.

ರಕ್ತ ಹೆಪ್ಪುಗಟ್ಟುತ್ತದೆಯೇ ಇಲ್ಲವೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ರೋಗಿಯ 2 ಮಿ.ಲೀ. ರಕ್ತವನ್ನು ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ನಳಿಕೆಯನ್ನು ಓರೆ ಮಾಡಿದಾಗ ರಕ್ತ ಇನ್ನೂ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಪ್ರತಿವಿಷ ಕೊಟ್ಟು ಆರು ಗಂಟೆಗಳ ನಂತರ ಮತ್ತೆ ಪರೀಕ್ಷಿಸಿ, ಬೇಕಾದರೆ ಇನ್ನಷ್ಟು ಕೊಡುತ್ತಾರೆ. ನರಗಳ ಮೇಲೆ ಪರಿಣಾಮವಾಗಿ ಉಸಿರಾಟ ಕುಂದಿದ್ದರೆ ಕೃತಕ ಉಸಿರಾಟ ಯಂತ್ರ, ಮೂತ್ರಪಿಂಡ ಕೆಟ್ಟಿದ್ದರೆ ಡಯಾಲಿಸಿಸ್ ಬೇಕಾಗಬಹುದು.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಅಂಶವೊಂದಿದೆ. ಪ್ರತಿವಿಷ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯಬಲ್ಲದು. ಆದರೆ ವಿಷ ಆಗಲೇ ಮಾಡಿಬಿಟ್ಟ ಹಾನಿಯನ್ನು ಸರಿಪಡಿಸಲಾರದು. ಕೆಟ್ಟ ಮೂತ್ರಪಿಂಡವನ್ನಾಗಲಿ ಕೊಳೆತ ಮಾಂಸವನ್ನಾಗಲಿ ಅದು ಮೊದಲಿನಂತೆ ಮಾಡುವುದಿಲ್ಲ. ಆದ್ದರಿಂದ ತಡವಾಗಿ ಕೊಟ್ಟ ಇಪ್ಪತ್ತು ಸೀಸೆಗಿಂತ ಬೇಗ ಕೊಟ್ಟ ಹತ್ತು ಸೀಸೆ ಮೇಲು.

ಮೈಸೂರಿನಲ್ಲಿ ನಡೆದ ಸಂಶೋಧನೆ

ಹಾವಿನ ವಿಷದ ಅಧ್ಯಯನದಲ್ಲಿ ಮೈಸೂರಿಗೆ ವಿಶೇಷ ಸ್ಥಾನವಿದೆ. ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ಶಾಸ್ತ್ರ ವಿಭಾಗದಲ್ಲಿ ಪ್ರೊ. ಟಿ. ವೀರಬಸಪ್ಪ ಗೌಡ ಮತ್ತು ಅವರ ಶಿಷ್ಯರು ಹಲವು ವರ್ಷ ಈ ಕೆಲಸ ಮಾಡಿದರು. ಭಾರತದ ಬೇರೆ ಬೇರೆ ಭಾಗಗಳ ಕೊಳಕುಮಂಡಲಗಳ ವಿಷ ಒಂದೇ ಬಗೆಯದಲ್ಲ, ಅದರಲ್ಲಿನ ಅಂಶಗಳೂ ಕೊಲ್ಲುವ ಶಕ್ತಿಯೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತವೆ ಎಂದು ಜಯಂತಿ ಮತ್ತು ಗೌಡ ಅವರು 1988ರಲ್ಲಿ ತೋರಿಸಿದರು. ಅದೇ ವಿಭಾಗದ ಕೆ. ಕೆಂಪರಾಜು ಮತ್ತು ಸಂಗಡಿಗರು ಪೂರ್ವ, ಪಶ್ಚಿಮ ಹಾಗೂ ದಕ್ಷಿಣ ಭಾರತದ ನಾಗರಹಾವುಗಳ ವಿಷವನ್ನು ಹೋಲಿಸಿ 2002ರಲ್ಲಿ ಇಂಥದೇ ವ್ಯತ್ಯಾಸಗಳನ್ನು ವರದಿ ಮಾಡಿದರು. ಒಂದು ಪ್ರದೇಶದ ವಿಷದಿಂದ ತಯಾರಾದ ಪ್ರತಿಕಾಯ ಇನ್ನೊಂದು ಪ್ರದೇಶದ ವಿಷವನ್ನು ಅಷ್ಟೇ ಚೆನ್ನಾಗಿ ತಡೆಯುವುದಿಲ್ಲವೆಂದೂ ಮುಂದೆ ಕಂಡುಬಂತು.

ರೈತರಿಗೆ ಇದು ಹೊಸ ಮಾತೇನಲ್ಲ. ಒಂದೇ ತಳಿಯ ರಾಗಿ ಕೆಮ್ಮಣ್ಣಿನಲ್ಲಿ ಒಂದು ಬಗೆ, ಎರೆಮಣ್ಣಿನಲ್ಲಿ ಇನ್ನೊಂದು ಬಗೆ ಬರುವಂತೆ, ಹಾವಿನ ವಿಷವೂ ಅದು ಬದುಕುವ ಜಾಗ, ತಿನ್ನುವ ಆಹಾರಗಳಿಗೆ ತಕ್ಕಂತೆ ಬದಲಾಗಬಹುದು. ತಮಿಳುನಾಡಿನ ಹಾವುಗಳ ವಿಷದಿಂದ ತಯಾರಾದ ಪ್ರತಿವಿಷ ದೇಶದ ಬೇರೆ ಮೂಲೆಗಳಲ್ಲಿ ಕಡಿಮೆ ಫಲ ಕೊಡಬಹುದು, ಹೆಚ್ಚು ಸೀಸೆಗಳು ಬೇಕಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಎತ್ತಿಹಿಡಿದಿದೆ. ನಾಲ್ಕು ಮುಖ್ಯ ಹಾವುಗಳಲ್ಲದ ಇತರ ವಿಷಸರ್ಪಗಳಿಗೆ ಈಗಿನ ಪ್ರತಿವಿಷ ಸಾಲದೆಂದೂ ಅದು ತೋರಿಸಿದೆ. ಮಲೆನಾಡಿನ ಗುಳಿಮಂಡಲಗಳ ಕಡಿತಕ್ಕೆ ಈಗಿನ ಪ್ರತಿವಿಷ ತಕ್ಕದ್ದಲ್ಲ. ಹೀಗಿದ್ದರೂ ನಾಲ್ಕು ಮುಖ್ಯ ಹಾವುಗಳ ವಿಷವೇರಿದವರ ಪ್ರಾಣ ಉಳಿಸಲು ಪ್ರತಿವಿಷವನ್ನು ಬಿಟ್ಟು ಬೇರೆ ಔಷಧಿಯಿಲ್ಲ.

ನಾಟಿ ಮದ್ದು ಫಲಿಸಿದಂತೆ ಕಾಣುವುದೇಕೆ?

ಮಂತ್ರ ಹಾಕಿಸಿ, ಬೇರು ಅರೆದು ಕುಡಿಸಿ ಬದುಕಿದವರನ್ನು ನಾವೇ ಕಂಡಿದ್ದೇವೆ ಎಂದು ಹಿರಿಯರು ಹೇಳುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಬದುಕಿದ್ದಕ್ಕೆ ಕಾರಣ ಬೇರೆ. ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಬರಿದೇ ಕಚ್ಚುತ್ತದೆ. ಇಂಥವರು ಏನೂ ಮಾಡದಿದ್ದರೂ ಬದುಕುತ್ತಿದ್ದರು. ಕೀರ್ತಿ ಮಾತ್ರ ಬೇರಿಗೆ ಹೋಯಿತು. ನಿಜವಾಗಿ ವಿಷ ಏರಿದವನು ಮಂತ್ರದವನ ಮನೆಯಲ್ಲಿ ಕಳೆಯುವ ಎರಡು ಗಂಟೆಗಳು ಅವನ ಪ್ರಾಣದ ಬೆಲೆ.

ಹುಣಿಸೆ ಬೀಜದ ಸಾರದಂಥ ಸಸ್ಯವಸ್ತುಗಳ ಮೇಲೆ ಮೈಸೂರಿನ ವಿಜ್ಞಾನಿಗಳೇ ಪ್ರಯೋಗ ನಡೆಸಿದ್ದಾರೆ. ವಿಷದ ಕೆಲವು ಅಂಶಗಳನ್ನು ಅವು ಪ್ರಯೋಗಶಾಲೆಯಲ್ಲಿ ತಡೆದದ್ದೂ ಉಂಟು. ಆದರೆ ಪ್ರಯೋಗಶಾಲೆಯ ಫಲ ರೋಗಿಯ ಔಷಧಿಯಾಗಲು ಬಹಳ ದೂರ ಸಾಗಬೇಕು. ಅಲ್ಲಿಯವರೆಗೆ ಅದನ್ನು ನಂಬಿ ಕೂರುವಂತಿಲ್ಲ.

ಕಡಿದ ಕೂಡಲೆ ಮಾಡಬೇಕಾದದ್ದು

1. ಹಾವಿನಿಂದ ದೂರ ಸರಿದು, ಕಡಿತಕ್ಕೆ ಒಳಗಾದವರಿಗೆ ಧೈರ್ಯ ಹೇಳಿ. ಓಡಾಡಲು ಬಿಡಬೇಡಿ. ಓಡಿದಷ್ಟೂ ವಿಷ ಬೇಗ ಹರಡುತ್ತದೆ.

2. ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆ, ಗಡಿಯಾರಗಳನ್ನು ತೆಗೆಯಿರಿ. ಊತ ಬಂದ ಮೇಲೆ ಅವು ರಕ್ತಸಂಚಾರವನ್ನು ತಡೆಯುತ್ತವೆ.

3. ಮೂಳೆ ಮುರಿದಾಗ ಮಾಡುವಂತೆ, ಬಿದಿರಿನ ದಬ್ಬೆ ಅಥವಾ ಹಲಗೆ ಇಟ್ಟು ಪಂಚೆ, ಟವಲುಗಳಿಂದ ಸಡಿಲವಾಗಿ ಸುತ್ತಿ ಕೈಯನ್ನೋ ಕಾಲನ್ನೋ ಅಲುಗದಂತೆ ಮಾಡಿ.

4. 108ಕ್ಕೆ ಕರೆ ಮಾಡಿ. ವಾಹನ ತಡವಾಗುವಂತಿದ್ದರೆ ಸಿಕ್ಕಿದ ವಾಹನದಲ್ಲಿ ಹೊರಡಿ. ಮೋಟಾರ್ ಸೈಕಲ್ ಮಾತ್ರ ಇದ್ದರೆ ಸವಾರ ಮತ್ತು ಇನ್ನೊಬ್ಬರ ನಡುವೆ ರೋಗಿಯನ್ನು ಕೂರಿಸಿಕೊಂಡು ಹೋಗಿ.

5. ವಾಂತಿಯಾಗುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. ತಿನ್ನಲು, ಕುಡಿಯಲು ಏನನ್ನೂ ಕೊಡಬೇಡಿ.

6. ಕಡಿದ ಸಮಯವನ್ನು ನೆನಪಿಟ್ಟು ವೈದ್ಯರಿಗೆ ತಿಳಿಸಿ.

ಮಾಡಬಾರದದ್ದು

ಹಗ್ಗ, ದಾರಗಳಿಂದ ಬಿಗಿಯಾಗಿ ಕಟ್ಟಬಾರದು. ಕಟ್ಟಿದ ಕಡೆ ರಕ್ತಸಂಚಾರ ನಿಂತು ಕಾಲನ್ನೇ ಕಳೆದುಕೊಂಡವರಿದ್ದಾರೆ. ಆಗಲೇ ಕಟ್ಟಿದ್ದರೆ ದಾರಿಯಲ್ಲಿ ತಟ್ಟನೆ ಬಿಚ್ಚಬೇಡಿ. ವೈದ್ಯರು ಸಿದ್ಧತೆ ಮಾಡಿಕೊಂಡು ಬಿಚ್ಚುತ್ತಾರೆ. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಸುಡುವುದು, ಮಂಜುಗಡ್ಡೆ ಇಡುವುದು, ಸೊಪ್ಪು ಅರೆದು ಹಚ್ಚುವುದು ಯಾವುದನ್ನೂ ಮಾಡಬಾರದು. ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿ ಗಾಯ ಕೊಯ್ದರೆ ರಕ್ತಸ್ರಾವ ನಿಲ್ಲುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ: ಕಟ್ಟುಹಾವು ಅಥವಾ ನಾಗರಹಾವಿನ ವಿಷದಿಂದ ಕಣ್ಣು ತೆರೆಯಲಾರದೆ, ಮಾತಾಡಲಾರದೆ, ಕೈಕಾಲು ಆಡಿಸಲಾರದೆ ಬಿದ್ದವನನ್ನು ಸತ್ತನೆಂದು ತೀರ್ಮಾನಿಸಬಾರದು. ಅವನಿಗೆ ಸುತ್ತಲಿನ ಮಾತು ಕೇಳಿಸುತ್ತಿರಬಹುದು. ಬಾಯಿಂದ ಬಾಯಿಗೆ ಉಸಿರು ಕೊಡುತ್ತ ಆಸ್ಪತ್ರೆಗೆ ತಲುಪಿಸಿದರೆ, ಯಂತ್ರದ ನೆರವಿನಿಂದ ಉಸಿರಾಡಿಸಿ ಅಂಥವರನ್ನು ಬದುಕಿಸಲು ಸಾಧ್ಯವಿದೆ.

ಮುನ್ನೆಚ್ಚರಿಕೆ ಕ್ರಮಗಳು

ನಂಜನಗೂಡು, ತಿ. ನರಸೀಪುರದ ನಾಲೆ ಬಯಲಿನ ಭತ್ತ, ಕಬ್ಬಿನ ಬೆಳೆಗಾರರಿಗೂ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರಿಗೂ ಅಪಾಯ ಒಂದೇ. ರಾತ್ರಿ ಹೊತ್ತು ಪಂಪ್‌ಸೆಟ್ ಚಾಲೂ ಮಾಡಲು ಹೋಗುವಾಗ ಟಾರ್ಚ್ ಮತ್ತು ಕೋಲು ಕೈಯಲ್ಲಿರಲಿ. ಮೊಣಕಾಲವರೆಗಿನ ರಬ್ಬರ್ ಬೂಟು ಧರಿಸಿ. ಹಾವು ಕಡಿತ ಹೆಚ್ಚಾಗಿ ಬೀಳುವುದು ಕಾಲಿಗೆ. ಒಂದು ಜೊತೆ ಬೂಟಿನ ಖರ್ಚು ಒಂದು ದಿನದ ಆಸ್ಪತ್ರೆಯ ಓಡಾಟದ ಖರ್ಚಿಗೂ ಸಮನಲ್ಲ. ಹುಲ್ಲು, ಸೌದೆ, ಕಬ್ಬಿನ ರವದಿ ತೆಗೆಯುವ ಮೊದಲು ಕೋಲಿನಿಂದ ಅಲುಗಿಸಿ ನೋಡಿ. ಬಿಲ, ಪೊಟರೆಗಳಿಗೆ ಕೈ ಹಾಕಬೇಡಿ. ಸೌದೆ, ಬೆರಣಿ, ಹೆಂಚಿನ ರಾಶಿಗಳನ್ನು ಮನೆಯ ಗೋಡೆಗೆ ಒತ್ತಿ ಹಾಕಬೇಡಿ. ಕಾಳುಕಡ್ಡಿ ಚೆಲ್ಲದಂತೆ ನೋಡಿಕೊಂಡು ಇಲಿಗಳನ್ನು ಹತೋಟಿಯಲ್ಲಿಡಿ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ನೆಲದ ಮೇಲೆ ಮಲಗುವ ಬದಲು ಮಂಚದ ಮೇಲೆ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸೇರಿಸಿ ಮಲಗಿದರೆ ಕಟ್ಟುಹಾವಿನ ಕಡಿತದಿಂದ ರಕ್ಷಣೆ ಸಿಗುತ್ತದೆ.

ಹಾವನ್ನು ಕೊಲ್ಲುವುದರಿಂದ ಲಾಭವಿಲ್ಲ. ಬೆಳೆ ತಿನ್ನುವ ಇಲಿಗಳನ್ನು ಹಾವುಗಳೇ ತಿಂದು ತೀರಿಸುತ್ತವೆ. ಕೊಲ್ಲಹೋಗಿ ಕಚ್ಚಿಸಿಕೊಂಡವರೂ ಕಡಿಮೆಯಿಲ್ಲ. ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಗೋ ಅನುಭವಿ ಉರಗ ರಕ್ಷಕರಿಗೋ ತಿಳಿಸಿ. ಮೈಸೂರಿನಲ್ಲಿ ಸ್ನೇಕ್ ಶ್ಯಾಮ್ ಎಂದೇ ಹೆಸರಾದವರು ದಶಕಗಳ ಕಾಲ ಹೀಗೆ ಹಾವುಗಳನ್ನು ಹಿಡಿದು ಊರಾಚೆ ಬಿಟ್ಟಿದ್ದಾರೆ.

ಊರಿನವರು ಮಾಡಬಹುದಾದ ಕೆಲಸ

ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಪ್ರತಿಯೊಂದು ಕಡಿತ, ಪ್ರತಿಯೊಂದು ಸಾವು ಲೆಕ್ಕಕ್ಕೆ ಬಂದರೆ ಯಾವ ತಾಲ್ಲೂಕಿಗೆ ಎಷ್ಟು ಪ್ರತಿವಿಷ ಬೇಕೆಂಬುದು ತಿಳಿಯುತ್ತದೆ. ಅದೇ ವರ್ಷದ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವೂ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯಿಟ್ಟು ಕ್ರಿಯಾಯೋಜನೆ ಪ್ರಕಟಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷವನ್ನು ಉಚಿತವಾಗಿ ಕೊಡಲಾಗುತ್ತದೆ.

ಆದರೆ ಹಾವು ಕಡಿದ ರಾತ್ರಿ ಆಸ್ಪತ್ರೆ ಹುಡುಕುತ್ತ ಅಲೆಯಬಾರದು. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ವೈದ್ಯರಿರುತ್ತಾರೆ, ಅಲ್ಲಿ ಪ್ರತಿವಿಷದ ದಾಸ್ತಾನು ಎಷ್ಟಿದೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೂ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡಾಸ್ಪತ್ರೆಗೂ ಎಷ್ಟು ಹೊತ್ತಿನ ದಾರಿ, ರಾತ್ರಿ ಕರೆದರೆ ಬರುವ ವಾಹನ ಊರಿನಲ್ಲಿ ಯಾರ ಬಳಿ ಇದೆ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ ಬರೆದಿಡಿ. ಗ್ರಾಮ ಪಂಚಾಯಿತಿ, ಹಾಲು ಉತ್ಪಾದಕರ ಸಂಘ, ಶಾಲೆಯ ಗೋಡೆಗಳ ಮೇಲೆ ಇದನ್ನು ದಪ್ಪಕ್ಷರದಲ್ಲಿ ಬರೆಸಿ. ದಾಸ್ತಾನು ಇಲ್ಲವೆಂದು ತಿಳಿದರೆ ಪಂಚಾಯಿತಿಯ ಮೂಲಕ ತಾಲ್ಲೂಕು ಆರೋಗ್ಯ ಅಧಿಕಾರಿಗಳಿಗೆ ಮನವಿ ಕೊಡಿ. ಬಿತ್ತನೆಗೆ ಮುಂಚೆ ಬೀಜ, ಗೊಬ್ಬರ ಹೊಂದಿಸಿಕೊಳ್ಳುವಂತೆ ಈ ಕೆಲಸವನ್ನೂ ಮುಂಗಾರಿನ ಸಿದ್ಧತೆಗಳಲ್ಲಿ ಒಂದಾಗಿ ಮಾಡಿಕೊಂಡರೆ ಊರಿನ ಒಂದಾದರೂ ಪ್ರಾಣ ಉಳಿದೀತು.